ನಾಲ್ಕು ಜನ, ಒಂದು ಮನೆ: ಬಿಲ್ ಜಗಳ ನಿಂತದ್ದು ಹೀಗೆ

ವಿಜಯನಗರದ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ. ಹದಿನಾಲ್ಕು ತಿಂಗಳಾಯಿತು, ಬಿಲ್ ವಿಷಯಕ್ಕೆ ಒಂದು ಜಗಳವೂ ಆಗಿಲ್ಲ. ಎಲ್ಲರೂ ಮೊದಲೇ ಒಂದಿಷ್ಟು ದುಡ್ಡು ಇಟ್ಟು, ಅದರಿಂದಲೇ ಬಿಲ್ ಕಟ್ಟುತ್ತೇವೆ. "ಮೊದಲೇ ದುಡ್ಡು ಇಡೋರು ಯಾರಪ್ಪ, ಎರಡು ತಿಂಗಳು ನಡೆದರೆ ಜಾಸ್ತಿ" ಅಂತ ಕೆಲವರು ಅಂದಿದ್ದರು. ಈಗ ಮೇಲಿನ ಮನೆ ಹುಡುಗರೂ ಇದನ್ನೇ ಮಾಡುತ್ತಿದ್ದಾರೆ.

ಮೊದಲು ತಲೆಗೊಂದು ಬಿಲ್ ಹಂಚಿಕೊಂಡಿದ್ದೆವು. ನನಗೆ ಕರೆಂಟು, ಉಳಿದವರಿಗೆ ವೈಫೈ, ಗ್ಯಾಸು, ನೀರು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ತರಿಸಿ ನೀರಿನ ಬಿಲ್ ಹೊತ್ತವನ ಕೈಯಿಂದ ಎರಡು ಸಾವಿರ ಹೋಯಿತು. ಅಲ್ಲಿಗೆ ಅದು ಮುಗಿಯಿತು. ಆಮೇಲೆ ಖರ್ಚಿನ ಪಾಲು ಲೆಕ್ಕ ಹಾಕುವ ಸ್ಪ್ಲಿಟ್‌ವೈಸ್ ಆ್ಯಪ್. ಲೆಕ್ಕ ಸರಿಯಾಗೇ ಬರುತ್ತಿತ್ತು, ದುಡ್ಡು ಬರುತ್ತಿರಲಿಲ್ಲ. ಒಬ್ಬ ಮನೆ ಬಿಟ್ಟಾಗ ನನ್ನ ಮೂರೂವರೆ ಸಾವಿರ ಮುಳುಗಿತು. ಆ ಹೊಟ್ಟೆಯುರಿ ಇನ್ನೂ ಇದೆ.

ಈಗ ಮನೆಗೆ ಬರುವಾಗಲೇ ಪ್ರತಿಯೊಬ್ಬರೂ ಎರಡೂವರೆ ಸಾವಿರ ಇಡಬೇಕು. ಅದಕ್ಕೇ ಒಂದು ಬೇರೆ ಖಾತೆ. ಸಂಬಳದ ಖಾತೆಯಲ್ಲಿ ಇಟ್ಟು ನೋಡಿದ್ದೆ, ಯಾವುದು ಯಾರದೆಂದೇ ಗೊತ್ತಾಗಲಿಲ್ಲ. ಈಗ ಎಲ್ಲ ಬಿಲ್ಲೂ ಆ ಬೇರೆ ಖಾತೆಯಿಂದಲೇ. ತಿಂಗಳ ಕೊನೆಗೆ ಎಷ್ಟು ಖಾಲಿಯಾಗಿದೆಯೋ ಅಷ್ಟನ್ನು ನಾಲ್ಕು ಪಾಲು ಮಾಡಿ 5ನೇ ತಾರೀಖಿನೊಳಗೆ ತುಂಬಬೇಕು. ಬಿಟ್ಟು ಹೋಗುವವನ ಎರಡೂವರೆ ಸಾವಿರವನ್ನು ಹೊಸಬನೇ ಅವನಿಗೆ ಕೊಡುತ್ತಾನೆ. ತಡ ಮಾಡುವವನಿಂದ ವಸೂಲಿಗೆ ನನ್ನದೊಂದು ಉಪಾಯವಿದೆ. ಅದನ್ನು ಮಾತ್ರ ಕೇಳಬೇಡಿ.

ಕರೆಂಟಿನ ಕಥೆ ಬೇರೆ. ಹಳೆ ಬಾಡಿಗೆದಾರರ ಆಧಾರ್ ತೆಗೆಸಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ನನ್ನದು ಸೇರಿಸಿದೆ. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ ಅಲ್ವಾ? ಎರಡು ತಿಂಗಳು ಹಾಗೇ ಆಯಿತು. ಕಳ್ಳ ಸಿಕ್ಕಿದ್ದು ಗೀಸರ್‌ನಲ್ಲಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ನಾಲ್ವರೂ ಬೇರೆ ಬೇರೆ ಹೊತ್ತಿಗೆ ಅರ್ಧರ್ಧ ಗಂಟೆ ಹಾಕಿದರೆ ತಿಂಗಳಿಗೆ 120. ಈಗ ಬೆಳಿಗ್ಗೆ ಆರರಿಂದ ಏಳರೊಳಗೆ ಒಬ್ಬರ ಹಿಂದೆ ಒಬ್ಬರು ಸ್ನಾನ, ಬಿಸಿ ಸ್ವಲ್ಪ ಕಡಿಮೆ. ಮೀಟರ್ 160ರ ಆಸುಪಾಸಿನಲ್ಲಿ ನಿಂತಿದೆ.

ಅದಕ್ಕೂ ಮೊದಲು ಕಂಪ್ಯೂಟರ್ ಇಟ್ಟುಕೊಂಡವನ ಕೋಣೆಗೆ, ಅಲ್ಲಿನ ಕರೆಂಟು ಮಾತ್ರ ಅಳೆಯುವ ಸಬ್‌ಮೀಟರ್ ಹಾಕಿಸಿದ್ದೆ. ಎಂಟುನೂರೋ ಒಂಬೈನೂರೋ ಖರ್ಚಾಯಿತು. ತಿಂಗಳಿಗೆ ಬಂದದ್ದು ಮೂವತ್ತು ಚಿಲ್ಲರೆ ಯೂನಿಟ್. ಪಾಪ, ಅವನ ಮೇಲೆ ಸುಮ್ನೆ ಅನುಮಾನಪಟ್ಟಿದ್ದೆವು. ಮರುದಿನವೇ ಬಿಚ್ಚಿಸಿದೆ.

ಊರಿಗೆ ಹೋದ ದಿನಗಳನ್ನು ಕಳೆಯಬೇಕೇ ಅನ್ನುವುದು ಮಾತ್ರ ಬಹಳ ಎಳೆದಾಡಿತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಹತ್ತು ದಿನ ಮೀರಿದರೆ ನೀರು, ಗ್ಯಾಸಿನ ಪಾಲು ಅರ್ಧ. ವೈಫೈ, ಕೆಲಸದಕ್ಕನ ಸಂಬಳ ಪೂರ್ತಿ. ಅಡುಗೆಮನೆ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ನಾಲ್ವರ ಸಹಿಯೂ ಇದೆ.