ಗಲ್ಲಾ ಖಾತೆ, ಬೀರು ಖಾತೆ

ಹನುಮಂತನಗರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. 2024ರಲ್ಲಿ ವಾಟ್ಸಾಪ್‌ಗೆ ಟ್ರಾಫಿಕ್ ಫೈನ್ ಅಂತ ಒಂದು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕೋ ಫೈಲ್, ಬಂತು. ಸ್ಕೂಟರ್ ನಂಬರ್ ಸರಿಯಾಗೇ ಇತ್ತು, ಒತ್ತಿಬಿಟ್ಟೆ. ಗಿರಾಕಿಗೆ ಎರಡು ಎಂಸಿಬಿ (ಟ್ರಿಪ್ ಆಗೋ ಸ್ವಿಚ್) ಕಟ್ಟಿ ಕೊಡುವಷ್ಟರಲ್ಲಿ ಹೆಚ್ಚುಕಮ್ಮಿ 38 ಸಾವಿರ ಹೋಗಿತ್ತು. ಒಟಿಪಿ ನಾನು ಯಾರಿಗೂ ಹೇಳಿಲ್ಲ. ಬಂದ ಮೆಸೇಜನ್ನೆಲ್ಲ ಆ ಆ್ಯಪೇ ಓದಿ ಆಚೆ ಕಳಿಸುತ್ತಿತ್ತು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮಾರನೇ ದಿನ ಬೆಳಗ್ಗೆ. ಅದು ನನ್ನ ದೊಡ್ಡ ತಪ್ಪು. ಏಳೆಂಟು ಸಾವಿರ ಮಾತ್ರ ವಾಪಸ್ ಸಿಕ್ಕಿತು.

ಎಲ್ಲರೂ ಹುಷಾರಾಗಿರು ಅಂದರು. ದಿನಕ್ಕೆ ನೂರು ಗಿರಾಕಿ ನೋಡುವವನು ಎಷ್ಟು ಅಂತ ಹುಷಾರಾಗಿರೋದು? ನಮ್ಮ ತಾತ ಚಿಲ್ಲರೆ ಗಲ್ಲಾದಲ್ಲಿ, ಮಿಕ್ಕಿದ್ದು ಮನೆ ಬೀರುವಿನಲ್ಲಿ ಇಡುತ್ತಿದ್ದರು. ಬ್ಯಾಂಕಿಗೂ ಅದನ್ನೇ ಮಾಡಿದೆ.

ಕ್ಯೂಆರ್ ಇರೋದು ಗಲ್ಲಾ ಖಾತೆಗೆ. ರಾತ್ರಿ ಶಟರ್ ಎಳೆದ ಮೇಲೆ ಅದರಲ್ಲಿ 5 ಸಾವಿರ ಬಿಟ್ಟು ಉಳಿದದ್ದು ಬೀರು ಖಾತೆಗೆ. ಬೀರು ಖಾತೆಗೆ ಎಟಿಎಂ ಕಾರ್ಡ್ ಇಲ್ಲ, ಯುಪಿಐ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ. ನಾನೂ ಹೆಂಡತಿಯೂ ಇಬ್ಬರೂ ಸಹಿ ಹಾಕಿದರೆ ಮಾತ್ರ ದುಡ್ಡು ಹೊರಗೆ ಬರುತ್ತೆ.

"ಭಾವ, ಇನ್ನೂ ಚೆಕ್ ಬುಕ್ಕಾ? ಯಾವ ಕಾಲದಲ್ಲಿದ್ದೀರಾ?" ಅಂತ ಭಾಮೈದ ಹಬ್ಬದೂಟದಲ್ಲಿ ಎಲ್ಲರೆದುರು ನಕ್ಕ.

ಶುರುವಿನಲ್ಲಿ ನಗೋ ಹಾಗೇ ಆಯ್ತು ಬಿಡಿ. ಎರಡು ಖಾತೆಗೂ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದೆ. ಫೋನ್ ಕೈಗೆ ಸಿಕ್ಕಿದವನಿಗೆ ಎರಡರ ಮೆಸೇಜೂ ಸಿಗುತ್ತೆ, ಅಲ್ವಾ? ಬೇರೆ ಸಿಮ್ ತಂದು ಬಟನ್ ಫೋನಿಗೆ ಹಾಕಿ ಮನೆಯಲ್ಲಿಟ್ಟೆ. ರೀಚಾರ್ಜ್ ಮರೆತು ಮೂರ್ನಾಲ್ಕು ತಿಂಗಳಿಗೆ ಆ ನಂಬರೇ ಸತ್ತುಹೋಯ್ತು. ನಂಬರ್ ಬದಲಿಸೋಕೆ ಬ್ಯಾಂಕಿನಲ್ಲಿ ಎರಡು ಮಧ್ಯಾಹ್ನ ಕೂತೆ. ಈಗ ರೀಚಾರ್ಜ್ ತಾರೀಖು ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೇ ಇದೆ. ಆಮೇಲೆ ಒಂದು ಚೆಕ್ ವಾಪಸ್ ಬಂತು. ಖಾತೆ ತೆರೆಯುವಾಗ ಹೆಂಡತಿ ಕನ್ನಡದಲ್ಲಿ ಸಹಿ ಮಾಡಿದ್ದಳು, ಚೆಕ್ಕಿಗೆ ಇಂಗ್ಲಿಷಿನಲ್ಲಿ ಹಾಕಿದ್ದಳು. ದಂಡ ಐನೂರು ಚಿಲ್ಲರೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಹೋಲ್‌ಸೇಲ್‌ನವರು ಅವತ್ತು ನನ್ನ ನೋಡಿದ ರೀತಿಗೆ ಬೆಲೆ ಕಟ್ಟೋಕಾಗಲ್ಲ.

ನಡುವೆ ಇನ್ನೊಂದು ಪ್ರಯೋಗ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ 'ನೋ ಯುಪಿಐ' ಬೋರ್ಡ್ ಬಿತ್ತಲ್ಲ, ನಾನೂ ಹಾಕಿದೆ. ನಾನು ಜಿಎಸ್‌ಟಿ ಕಟ್ಟುವವನೇ. ಕ್ಯಾಶ್ ಆದರೆ ಮೋಸದ ಗೋಳೇ ಇರಲ್ಲ ಅನ್ನೋ ಆಸೆ, ಅಷ್ಟೇ. ವ್ಯಾಪಾರ ಅರ್ಧಕ್ಕಿಳಿಯಿತು. ನಾಲ್ಕನೇ ದಿನ ಬೋರ್ಡ್ ಕಿತ್ತೆ. ಅಮ್ಮನಿಗಾಗಿ ಒಂದು ಗುಟ್ಟಿನ ಪದವನ್ನೂ ಇಟ್ಟಿದ್ದೇವೆ. ಯಾರೇ ಫೋನಿನಲ್ಲಿ ನಮ್ಮ ಧ್ವನಿ ನಕಲು ಮಾಡಿ ದುಡ್ಡು ಕೇಳಿದರೂ ಅಮ್ಮ ಮೊದಲು ಆ ಪದ ಕೇಳುತ್ತಾರೆ. ಪದ ಯಾವುದು ಅಂತ ಕೇಳಬೇಡಿ, ಅಡುಗೆಮನೆಯದು.

ಹೋದ ದೀಪಾವಳಿ ಆದಮೇಲೆ ಒಬ್ಬ ಹೊಸಬ ವೈರ್ ಕಾಯಿಲ್ ತಗೊಂಡ. ಆರು ಸಾವಿರದ ಆಸುಪಾಸು. ಸೌಂಡ್‌ಬಾಕ್ಸ್ ಕೂಗಿತು, ದುಡ್ಡು ನಿಜವಾಗಿ ಬಂತು. ಮೂರು ವಾರ ಆದಮೇಲೆ ನೋಡಿದರೆ ಗಲ್ಲಾ ಖಾತೆಯಿಂದ ಒಂದು ರೂಪಾಯಿ ಹೋಗಲ್ಲ! ಬೇರೆ ರಾಜ್ಯದಲ್ಲಿ ಯಾರದೋ ಕದ್ದ ದುಡ್ಡು ಕೈ ಬದಲಾಗಿ ನನ್ನ ಖಾತೆಗೆ ಬಂದಿದೆ ಅಂತ ಪೊಲೀಸ್ ದೂರಿನ ಮೇಲೆ ತಡೆದಿದ್ದರು. ಸಿಕ್ಕಿಕೊಂಡಿದ್ದು 5 ಸಾವಿರ ಮತ್ತು ಅವತ್ತಿನ ವ್ಯಾಪಾರ, ಒಟ್ಟು 11 ಸಾವಿರ ಇರಬಹುದು. ಹಿಂದಿನ ಬೀದಿಯ ಪೇಂಟ್ ಅಂಗಡಿಯವರಿಗೆ ಹೀಗೇ ಆದಾಗ ಮೂರೂವರೆ ಲಕ್ಷ ಒಂದೂವರೆ ತಿಂಗಳು ನಿಂತಿತ್ತು. ನಾನು ಹೋಲ್‌ಸೇಲ್‌ನವರಿಗೆ ಚೆಕ್ ಬರೆದೆ. ಡ್ರಾಯರ್‌ನಲ್ಲಿ ಇನ್ನೊಂದು ಬ್ಯಾಂಕಿನ ಕ್ಯೂಆರ್ ಮೊದಲೇ ಮಾಡಿಸಿಟ್ಟಿದ್ದೆ, ಅದನ್ನು ಅಂಟಿಸಿ ಸಂಜೆಯ ವ್ಯಾಪಾರ ಮಾಡಿದೆ. ಬಿಲ್ಲು, ಸಿಸಿಟಿವಿ ಫೋಟೊ ಕಳಿಸಿ ತಡೆ ತೆಗೆಸೋಕೆ ನನಗೆ ಮೂರೇ ವಾರ. ಬೇಗ ಹೇಗಾಯ್ತು ಅನ್ನೋದನ್ನು ಅಂಗಡಿಗೆ ಬಂದರೆ ಹೇಳ್ತೀನಿ.

ಮೊನ್ನೆ ಭಾಮೈದ ಫೋನ್ ಮಾಡಿದ್ದ. "ಭಾವ, ಆ ಎರಡು ಸಹಿ ಖಾತೆಗೆ ಏನೇನು ಪೇಪರ್ ಬೇಕು?" ಮೊದಲು ನಿನ್ನ ಹೆಂಡತಿ ಯಾವ ಭಾಷೆಯಲ್ಲಿ ಸಹಿ ಹಾಕ್ತಾಳೆ ಕೇಳು ಅಂದೆ.