ದೃಢೀಕರಣ ಸಂಸ್ಕಾರಕ್ಕೆ ಹದಿಹರೆಯದ ಮಕ್ಕಳನ್ನು ಸಿದ್ಧಗೊಳಿಸುವ ಬಗೆ

ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದ ಕಥೋಲಿಕರನ್ನು ಪವಿತ್ರ ತೈಲ ಹಚ್ಚಿ ವಿಶ್ವಾಸದಲ್ಲಿ ಬಲಪಡಿಸುವ ವಿಧಿಯೇ ದೃಢೀಕರಣ ಸಂಸ್ಕಾರ. ಅದನ್ನು ಪಡೆದ ಮಕ್ಕಳಲ್ಲಿ ಹಲವರು ಮರುವಾರ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಕಾಣಿಸುವುದಿಲ್ಲ. ಧರ್ಮೋಪದೇಶ ತರಗತಿಗಳು ಮುಗಿದವು, ಇನ್ನು ಬಿಡುಗಡೆ ಎಂದು ಅವರು ತಿಳಿಯುತ್ತಾರೆ. ಹಾಗೆ ತಿಳಿಯುವಂತೆ ನಾವೇ ಕಲಿಸಿರುತ್ತೇವೆ. ಕೊಡಗಿನ ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಈ ತರಗತಿ ನಡೆಸತೊಡಗಿದಾಗ ನಾನೂ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿ, ಸಂಸ್ಕಾರ ಕೊಡಲು ಬರುವ ಧರ್ಮಾಧ್ಯಕ್ಷರ (ಬಿಷಪ್) ಮುಂದೆ ಮಕ್ಕಳು ತಡವರಿಸದೆ ಉತ್ತರ ಹೇಳಿದರೆ ಸಾಕೆಂದುಕೊಂಡಿದ್ದೆ. ಈಗ ಸಿದ್ಧತೆಯನ್ನೆಲ್ಲ ಸಂಸ್ಕಾರದ ಮರುವಾರದ ಆ ಭಾನುವಾರವನ್ನು ಕಣ್ಣಮುಂದಿಟ್ಟುಕೊಂಡೇ ಯೋಜಿಸಬೇಕೆಂಬುದು ನನ್ನ ನಂಬಿಕೆ.

ಮೊದಲು ವರ್ಷದ ಲೆಕ್ಕ ಹಾಕಿಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಮಕ್ಕಳು ಪ್ರತಿ ವಾರ ಬರುವುದು ಕಷ್ಟ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಅದರ ಬೆನ್ನಿಗೇ ಹತ್ತನೆಯ ತರಗತಿಯವರಿಗೆ ಪರೀಕ್ಷೆ. ಆದ್ದರಿಂದ ಮಳೆಗಾಲಕ್ಕೆ ಮನೆಯಲ್ಲೇ ಓದುವ ಭಾಗಗಳನ್ನು ಕೊಟ್ಟು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಭಾನುವಾರದ ಪೂಜೆಯ ನಂತರ ಮುಖ್ಯ ತರಗತಿಗಳನ್ನು ನಡೆಸುವುದು ಒಳ್ಳೆಯದು.

ಕಾಗದಪತ್ರಗಳನ್ನು ಆರಂಭದಲ್ಲೇ ನೋಡಿಬಿಡಬೇಕು. ದೃಢೀಕರಣವು ದೀಕ್ಷಾಸ್ನಾನದಂತೆಯೇ ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುವ ಸಂಸ್ಕಾರವಾದ್ದರಿಂದ ಅದನ್ನು ಎರಡನೆಯ ಸಲ ಕೊಡುವಂತಿಲ್ಲ. ಕೊಡಗಿನಲ್ಲಿ ಕೇರಳ ಮೂಲದ ಕುಟುಂಬಗಳು ಬಹಳವಿವೆ; ಅವುಗಳಲ್ಲಿ ಸಿರೋ ಮಲಬಾರ್‌ನಂತಹ, ಕಥೋಲಿಕರದೇ ಆದರೂ ಬೇರೆ ವಿಧಿಕ್ರಮದ ಪೌರ್ವಾತ್ಯ ಪರಂಪರೆಗೆ ಸೇರಿದ ಮನೆಗಳಲ್ಲಿ ಮಗುವಿಗೆ ದೀಕ್ಷಾಸ್ನಾನದ ಜೊತೆಯಲ್ಲೇ ಪವಿತ್ರ ತೈಲದ ಅಭ್ಯಂಜನವೂ ಆಗಿರಬಹುದು. ಅಂಥ ಮಗು ಆಗಲೇ ದೃಢೀಕರಣ ಪಡೆದಿರುತ್ತದೆ. ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ತರಿಸಿ, ಸಂದೇಹವಿದ್ದರೆ ಗುರುಗಳ ಮೂಲಕ ಆ ಧರ್ಮಕೇಂದ್ರದ ದಾಖಲೆಯನ್ನೇ ಕೇಳಿನೋಡಬೇಕು. ಹೊಸ ಉಡುಪು ಹೊಲಿಸಿದ ಮೇಲೆ ಇದು ತಿಳಿದರೆ ಮಗುವಿಗೆ ಬಹಳ ನೋವಾಗುತ್ತದೆ.

ಪಾಠಕ್ಕೆ ಬಂದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ದೀಕ್ಷಾಸ್ನಾನ ಆಗಿದೆಯಲ್ಲ, ಮತ್ತೆ ಇದೇಕೆ ಎಂಬುದು. ಬೈಬಲಿನ ಪ್ರೇಷಿತರ (ಯೇಸು ಕಳುಹಿಸಿದ ಶಿಷ್ಯರ) ಕಾರ್ಯಕಲಾಪಗಳ 8ನೆಯ ಅಧ್ಯಾಯವನ್ನು ಅವರಿಂದಲೇ ಓದಿಸಬೇಕು: ಸಮಾರಿಯದವರು ಅದಾಗಲೇ ದೀಕ್ಷಾಸ್ನಾನ ಪಡೆದಿದ್ದರು, ಆದರೂ ಪೇತ್ರ ಮತ್ತು ಯೊವಾನ್ನರು ಜೆರುಸಲೇಮಿನಿಂದ ಬಂದು ಅವರ ಮೇಲೆ ಕೈಗಳನ್ನಿರಿಸಿದಾಗ ಪವಿತ್ರಾತ್ಮರನ್ನು ಪಡೆದರು. ನಮ್ಮ ಮಕ್ಕಳಿಗೆ ಇನ್ನೊಂದು ಹೋಲಿಕೆಯೂ ಬೇಗ ಹಿಡಿಸುತ್ತದೆ. ಹೂಮಳೆ ಬಿದ್ದರೆ ಕಾಫಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ, ಆದರೆ ಅದರ ಬೆನ್ನಿಗೆ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ ಎಂಬುದನ್ನು ತೋಟದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ದೃಢೀಕರಣವು ದೀಕ್ಷಾಸ್ನಾನದ ಕೃಪೆಯನ್ನು ಪೂರ್ಣಗೊಳಿಸುತ್ತದೆ ಎಂಬ ಧರ್ಮಸಭೆಯ ಬೋಧನೆಗೆ ಇದು ಒಳ್ಳೆಯ ಪ್ರವೇಶ. ಆದರೆ ದೀಕ್ಷಾಸ್ನಾನದಲ್ಲಿ ಏನೋ ಕೊರತೆಯಿತ್ತು ಎಂಬ ಅರ್ಥ ಬಾರದಂತೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಪವಿತ್ರಾತ್ಮರ ಏಳು ವರಗಳಿಗೆ, ಅಂದರೆ ಜ್ಞಾನ, ವಿವೇಕ, ಸದಾಲೋಚನೆ, ಧೈರ್ಯ, ತಿಳುವಳಿಕೆ, ಭಕ್ತಿ ಮತ್ತು ದೈವಭೀತಿಗೆ, ಕನಿಷ್ಠ ನಾಲ್ಕು ವಾರಗಳನ್ನಾದರೂ ಮೀಸಲಿಡಬೇಕೆಂದು ನನಗನಿಸುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿಸಲು ಹತ್ತು ನಿಮಿಷ ಸಾಕು. ಮಕ್ಕಳ ದಿನನಿತ್ಯದಲ್ಲಿ ಅವುಗಳನ್ನು ಗುರುತಿಸುವುದಕ್ಕೆ ಸಮಯ ಬೇಕು. ಸಹಪಾಠಿಯೊಬ್ಬಳ ಫೋಟೋ ತಿದ್ದಿ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ್ದಾರೆ, ಎಲ್ಲರೂ ನಗುತ್ತಿದ್ದಾರೆ, ನೀನೂ ಆ ಗುಂಪಿನಲ್ಲಿದ್ದೀಯೆ: ಇಲ್ಲಿ ಯಾವ ವರವನ್ನು ಬೇಡುತ್ತೀ ಎಂದು ಕೇಳಿದರೆ ಕೆಲವರು ಧೈರ್ಯ ಎನ್ನುತ್ತಾರೆ, ಇನ್ನು ಕೆಲವರು, ಮೊದಲು ಯಾರಿಗೆ ಹೇಳಬೇಕೆಂದು ತಿಳಿಯಲು ಸದಾಲೋಚನೆ ಬೇಕು ಎನ್ನುತ್ತಾರೆ. ಎರಡೂ ಸರಿಯೇ. ಇಂಥ ಸಂದರ್ಭಗಳನ್ನು ಮಕ್ಕಳೇ ಹೆಸರಿಲ್ಲದ ಚೀಟಿಗಳಲ್ಲಿ ಬರೆದುಕೊಡಲಿ. ದೈವಭೀತಿಯ ವಿಷಯದಲ್ಲಿ ಮಾತ್ರ ಉಪದೇಶಿಯೇ ಎಚ್ಚರದಿಂದ ವಿವರಿಸಬೇಕು. ಶಿಕ್ಷೆಯ ಹೆದರಿಕೆಯನ್ನೇ ಭಕ್ತಿಯೆಂದು ಕಲಿತ ಮಗು ದೊಡ್ಡದಾದ ಮೇಲೆ ಆ ಹೆದರಿಕೆಯ ಜೊತೆಗೆ ದೇವರನ್ನೂ ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ.

ಒಂದೇ ತರಗತಿಯಲ್ಲಿ ಕೊಂಕಣಿ, ಮಲಯಾಳ, ತಮಿಳು, ಕನ್ನಡ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದ ಪಾಠದಂದು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಮಾತಿನಲ್ಲಿ ಒಟ್ಟಿಗೆ ಹೇಳಲಿ. ಜೆರುಸಲೇಮಿನಲ್ಲಿ ನೆರೆದವರು ಪ್ರೇಷಿತರ ಮಾತನ್ನು ತಂತಮ್ಮ ಭಾಷೆಯಲ್ಲೇ ಕೇಳಿದರೆಂಬುದು ಅವರಿಗೆ ಆಗ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ.

ವಿಶ್ವಾಸದ ಸಾಕ್ಷಿಗಳ ಜೀವನವನ್ನು ಹೇಳುವಾಗ ಊರಿನಿಂದಲೇ ಆರಂಭಿಸಬಹುದು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಮೂಲ 1792ಕ್ಕೆ ಹೋಗುತ್ತದೆ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ ಕಾಲವದು. ತಮ್ಮ ವಿಶ್ವಾಸವನ್ನು ಕೈಬಿಡದವರ ಕಥೆಯೊಂದಿಗೆ, ಬೇರೆ ಧರ್ಮದ ಅರಸನೊಬ್ಬ ಅವರಿಗೆ ನೆಲೆ ಕೊಟ್ಟ ಕಥೆಯನ್ನೂ ಮಕ್ಕಳು ಕೇಳಬೇಕು. 1745ರಲ್ಲಿ ದೀಕ್ಷಾಸ್ನಾನ ಪಡೆದು 1752ರಲ್ಲಿ ಪ್ರಾಣ ತೆತ್ತ, 2022ರಲ್ಲಿ ಸಂತರೆಂದು ಘೋಷಿತರಾದ ತಿರುವಾಂಕೂರಿನ ದೇವಸಹಾಯಂ ಗುರುಗಳೂ ಅಲ್ಲ, ಸನ್ಯಾಸಿಯೂ ಅಲ್ಲ, ಗೃಹಸ್ಥರು. 15ನೆಯ ವಯಸ್ಸಿಗೇ ತೀರಿಕೊಂಡ ಕಾರ್ಲೊ ಅಕುಟಿಸ್ ಅವರ ಸಂತ ಪದವಿ ಘೋಷಣೆ 2025ರ ಸೆಪ್ಟೆಂಬರ್‌ನಲ್ಲಿ ಆಯಿತು. ಕಂಪ್ಯೂಟರ್ ಬಲ್ಲ ಹುಡುಗ ಎಂದೊಡನೆ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಸಂಸ್ಕಾರದಲ್ಲಿ ಮಗುವಿನ ಜೊತೆ ನಿಂತು, ಬಳಿಕ ವಿಶ್ವಾಸದಲ್ಲಿ ಅದಕ್ಕೆ ಆಸರೆಯಾಗುವ ಜ್ಞಾನಪೋಷಕರ ಆಯ್ಕೆಯನ್ನು ಕುಟುಂಬಗಳು ಹಗುರವಾಗಿ ನೋಡುತ್ತವೆ. ಧರ್ಮಸಭೆಯ ಕಾನೂನಿನಂತೆ ಅವರು ಸಾಮಾನ್ಯವಾಗಿ 16 ವರ್ಷ ತುಂಬಿದ, ದೃಢೀಕರಣವನ್ನೂ ಪರಮಪ್ರಸಾದವನ್ನೂ (ಬಲಿಪೂಜೆಯ ಪವಿತ್ರ ರೊಟ್ಟಿ) ಪಡೆದು ವಿಶ್ವಾಸಕ್ಕೆ ತಕ್ಕಂತೆ ಬಾಳುವ ಕಥೋಲಿಕರಾಗಿರಬೇಕು. ತಂದೆ ತಾಯಿ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ದೀಕ್ಷಾಸ್ನಾನದ ಜ್ಞಾನತಂದೆ ಅಥವಾ ಜ್ಞಾನತಾಯಿಯೇ ಆದರೆ ಒಳ್ಳೆಯದೆಂದು ಅದೇ ಕಾನೂನು ಹೇಳುತ್ತದೆ. ಆದರೆ ಅವರು ದೂರದ ಊರಿನಲ್ಲಿದ್ದು ವರ್ಷಕ್ಕೊಮ್ಮೆಯೂ ಮಗುವನ್ನು ಕಾಣದವರಾದರೆ, ನಡೆದುಹೋಗುವಷ್ಟು ಹತ್ತಿರವಿರುವ, ಮಗು ತನ್ನ ಸಂದೇಹ ಹೇಳಿಕೊಳ್ಳಬಲ್ಲ ಒಬ್ಬ ಹಿರಿಯರನ್ನು ಆರಿಸುವಂತೆ ನಾನು ತಂದೆ ತಾಯಿಗೆ ಹೇಳುತ್ತೇನೆ. ಸಂಸ್ಕಾರಕ್ಕೆ ಮೊದಲು ಅವರಿಬ್ಬರೂ ಮೂರು ನಾಲ್ಕು ಸಲವಾದರೂ ಕೂತು ಮಾತನಾಡಿರಬೇಕು.

ಕೊನೆಯ ವಾರಗಳಲ್ಲಿ ಪಾಪನಿವೇದನೆಗೆ ಸಾಕಷ್ಟು ಸಮಯವಿರಲಿ; ಹಿಂದಿನ ದಿನ ಸಾಲಾಗಿ ನಿಲ್ಲಿಸಿ ಅವಸರಪಡಿಸಬಾರದು. ವಿಧಿಯ ಕ್ರಮವನ್ನು ದೇವಾಲಯದಲ್ಲೇ ಅಭ್ಯಾಸ ಮಾಡಿಸಬೇಕು: ದೀಕ್ಷಾಸ್ನಾನದ ವಾಗ್ದಾನಗಳ ನವೀಕರಣ, ಧರ್ಮಾಧ್ಯಕ್ಷರು ಕೈಗಳನ್ನು ಚಾಚಿ ಮಾಡುವ ಪ್ರಾರ್ಥನೆ, ಜ್ಞಾನಪೋಷಕರು ಭುಜದ ಮೇಲೆ ಬಲಗೈ ಇಟ್ಟು ನಿಂತಿರುವಾಗ ಹಣೆಯ ಮೇಲೆ ಪವಿತ್ರ ತೈಲದ ಶಿಲುಬೆಯ ಗುರುತು, ಪವಿತ್ರಾತ್ಮರ ವರದಾನದ ಮುದ್ರೆಯನ್ನು ಸ್ವೀಕರಿಸು ಎಂಬರ್ಥದ ಮಾತು, ಅದಕ್ಕೆ ಆಮೆನ್ ಎಂಬ ಉತ್ತರ, ಬಳಿಕ ಶಾಂತಿಯ ಹಾರೈಕೆ. ಆಲಿವ್ ಎಣ್ಣೆಗೆ ಸುಗಂಧದ ಬಾಲ್ಸಮ್ ಬೆರೆಸಿ, ಪವಿತ್ರ ವಾರದ ಆಸುಪಾಸಿನಲ್ಲಿ ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ತೈಲವಿದು. ತರಗತಿಯಲ್ಲಿ ಒಂದು ಕಾಗದದ ಮೇಲೆ ನೀರಿನ ಹನಿಯನ್ನೂ ಇನ್ನೊಂದರ ಮೇಲೆ ಅಡುಗೆ ಎಣ್ಣೆಯ ಹನಿಯನ್ನೂ ಬಿಡಿಸಿ, ಮರುವಾರ ಅವೇ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಲು ಹೇಳಿದರೆ, ಅಳಿಯದ ಮುದ್ರೆಯ ಪಾಠಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ.

ಸಂಸ್ಕಾರದ ದಿನಕ್ಕೆ ಮೊದಲೇ ಮರುವಾರದ ಭಾನುವಾರದ ಕೆಲಸಗಳನ್ನು ಹಂಚಿರಬೇಕು. ವಾಚನ, ಗಾಯನ, ಪೀಠಸೇವೆ, ಕಿರಿಯರ ತರಗತಿಯಲ್ಲಿ ನೆರವು, ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ಒಯ್ಯುವ ಗುರುಗಳ ಜೊತೆ ಹೋಗುವುದು, ಹೀಗೆ ಪ್ರತಿಯೊಬ್ಬರಿಗೂ ತಾವೇ ಆರಿಸಿಕೊಂಡ ಒಂದು ಹೊಣೆ. ಹೆಸರುಗಳ ಪಟ್ಟಿಯನ್ನು ಗುರುಗಳ ಕೈಯಲ್ಲಿಡಿ, ಆ ಭಾನುವಾರ ಬಾರದ ಮಗುವಿನ ಮನೆಗೆ ಅದೇ ಸಂಜೆ ಜ್ಞಾನಪೋಷಕರು ಹೋಗಿಬರುವಂತೆ ಮೊದಲೇ ಮಾತಾಡಿಕೊಳ್ಳಿ.