ಊರ ಕೆರೆಗೆ ಲೈಫ್‌ಗಾರ್ಡ್ ಬರಲ್ಲ, ಅದಕ್ಕೆ ಒಂದು ಹಗ್ಗ ಒಂದು ಕ್ಯಾನ್ ರೆಡಿ ಮಾಡ್ಕೊಳ್ಳಿ

ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ಆದ್ರೆ ಸೀಟಿ ಊದೋಕೆ ಲೈಫ್‌ಗಾರ್ಡ್ ಇರ್ತಾರೆ, ನಮ್ಮ ಕೆರೆ, ಬಾವಿ, ಚಾನೆಲ್ಲು, ಕೃಷಿ ಹೊಂಡದ ಹತ್ರ ಇರೋದು ಎಮ್ಮೆ ಮೇಯಿಸೋ ಹುಡುಗ, ಇಲ್ಲಾ ಬಟ್ಟೆ ಒಗೆಯೋಕೆ ಬಂದ ಹೆಂಗಸು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ, ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಹಾಗಾಗಿ ಟ್ರೈನಿಂಗ್ ಕೊಡೋದಿದ್ರೆ ಆ ಹುಡುಗಂಗೆ, ಆ ಹೆಂಗಸಿಗೆ ಕೊಡಿ.

ಕೃಷಿ ಹೊಂಡದಿಂದ ಶುರು ಮಾಡಿ. ನೋಡೋಕೆ ಏನೂ ಅನ್ಸಲ್ಲ, ಆದ್ರೆ ಕೆಳಗೆ ಹಾಸಿರೋ ಪ್ಲಾಸ್ಟಿಕ್ ಶೀಟ್ ಪಾಚಿ ಕಟ್ಟಿದ್ರೆ ಈಜು ಬರೋನೂ ಮೇಲೆ ಹತ್ತೋಕಾಗಲ್ಲ, ಕಾಲಿಟ್ಟಷ್ಟೂ ಜಾರ್ತಾನೆ. ನಾಲ್ಕೂ ಮೂಲೆಗೆ ಗೂಟ ಹೊಡೆದು, ಒಂದೊಂದು ಅಡಿಗೆ ಗಂಟು ಹಾಕಿದ ನೈಲಾನ್ ಹಗ್ಗ ನೀರಿನ ತಳದವರೆಗೂ ಇಳಿಬಿಡಿ, ಹಳೇ ಟೈರ್ ಸಿಕ್ರೆ ಏಣಿ ಥರ ಕಟ್ಟಿ. ಬೇಲಿ ಅಂತೂ ಬೇಕೇ ಬೇಕು, ಸರ್ಕಾರದ ಕೃಷಿ ಭಾಗ್ಯ ಯೋಜನೇಲಿ ತಂತಿ ಬೇಲಿನೂ ಸೇರಿದೆ, ಕೇಳಿ ತಗೊಳ್ಳಿ.

ಆಮೇಲೆ ಎಸೆಯೋ ಹಗ್ಗ. 5 ಲೀಟರ್ ಎಣ್ಣೆ ಕ್ಯಾನ್ ತಗೊಂಡು ಒಳಗೆ ಎರಡು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ, ಪೂರ್ತಿ ಖಾಲಿ ಬಿಟ್ರೆ ಗಾಳಿಗೆ ಹಾರೋಗುತ್ತೆ, ಹಿಡಿಗೆ 15 ಮೀಟರ್ ಹಗ್ಗ ಕಟ್ಟಿ. ಹಗ್ಗದ ಇನ್ನೊಂದು ತುದಿ ಕಾಲಡಿ ತುಳ್ಕೊಂಡು ಎಸೀಬೇಕು, ಇಲ್ಲಾಂದ್ರೆ ಹಗ್ಗನೂ ಕ್ಯಾನ್ ಜೊತೆ ಹೋಗುತ್ತೆ (ನಂದು ಹೋಗಿದೆ). ಮುಳುಗ್ತಿರೋನ ತಲೆ ದಾಟಿ ಆಚೆ ಬೀಳೋ ಹಾಗೆ ಎಸೆದು ಮೆಲ್ಲಗೆ ಎಳ್ಕೊಳ್ಳಿ, ಆಗ ಹಗ್ಗ ಅವನ ಕೈಗೇ ಬರುತ್ತೆ. ನಮ್ಮಲ್ಲಿ ಪ್ರಾಕ್ಟೀಸ್ ಮಾಡಿಸ್ದಾಗ ಕ್ರಿಕೆಟ್ ಆಡೋ ಹುಡುಗ್ರದ್ದೆಲ್ಲ ಮೂರು ಮಾರು ಹೋಗಿ ಬಿತ್ತು, ಒಬ್ಬ ಅಜ್ಜಿ ಸೆರಗು ಸಿಗಿಸ್ಕೊಂಡು ಬಂದು ಒಂದೇ ಏಟಿಗೆ ಗುರಿಗೆ ಹೊಡೆದ್ಳು, ಪಾತಾಳಗರಡಿ ಹಾಕಿ ಬಾವೀಲಿ ಬಿದ್ದ ಕೊಡ ಎತ್ತಿದ ಕೈ ಅದು.

ಕ್ಯಾನ್ ಇಲ್ವಾ, ದೋಟಿ ಕೋಲು, ಪಂಚೆ, ಸೀರೆ ಏನಾದ್ರೂ ಚಾಚಿ. ಸೀರೆ ಐದೂವರೆ ಮೀಟರ್ ಇರುತ್ತೆ, ಕಮ್ಮಿ ಏನಲ್ಲ. ಚಾಚೋವಾಗ ದಡದಲ್ಲಿ ಬೋರಲು ಮಲ್ಕೊಳ್ಳಿ, ನಿಂತ್ಕೊಂಡು ಎಳೆದ್ರೆ ಅವ್ನೇ ನಿಮ್ಮನ್ನ ಎಳೀತಾನೆ. ನೀರಿಗೆ ಮಾತ್ರ ಹಾರಬೇಡಿ. ಒಬ್ಬನ್ನ ಉಳಿಸೋಕೆ ಹೋಗಿ ಅಣ್ಣ ತಮ್ಮ ಇಬ್ರೂ ಹೋದ್ರು ಅನ್ನೋ ಸುದ್ದಿ ಪ್ರತಿ ಬೇಸಿಗೆ ರಜೇಲೂ ಓದ್ತೀವಲ್ಲ, ಹೆಚ್ಚಿನವು ಹೀಗೇ ಆಗೋದು. ಇನ್ನೊಂದು, ಮುಳುಗೋರು ಸಿನಿಮಾದ ಥರ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಕೈ ನೀರನ್ನ ಒತ್ತುತಾ ಇರುತ್ತೆ, ನೆಟ್ಟಗೆ ನಿಂತ ಹಾಗೆ ಕಾಣ್ತಾರೆ, ಪಕ್ಕದಲ್ಲಿರೋ ಫ್ರೆಂಡ್ಸು ಆಟ ಆಡ್ತಿದಾನೆ ಅನ್ಕೊಂಡಿರ್ತಾರೆ.

ಮೇಲೆ ತಂದಮೇಲೆ ಏನು ಮಾಡ್ಬೇಕು ಅನ್ನೋದ್ರಲ್ಲೇ ನಮ್ಮವ್ರು ಜಾಸ್ತಿ ಎಡವೋದು. ತಲೆ ಮೇಲೆ ಹೊತ್ತು ಗರಗರ ತಿರುಗಿಸ್ತಾರೆ, ಹೊಟ್ಟೆ ಒತ್ತುತಾರೆ, ವಾಟ್ಸಾಪ್ ನಂಬ್ಕೊಂಡು ಬಳ್ಳಾರಿ, ಹಾವೇರಿ ಕಡೆ ಮಕ್ಕಳನ್ನ ಉಪ್ಪಿನ ರಾಶೀಲಿ ಮಲಗಿಸಿ ಗಂಟೆಗಟ್ಟಲೆ ಕಾದಿದ್ದೂ ಆಗಿದೆ, ಪಾಪ ಆ ಅಪ್ಪ ಅಮ್ಮನ್ನ ಬಯ್ಯೋಕೂ ಮನಸ್ಸು ಬರಲ್ಲ. ಇದ್ಯಾವುದೂ ಬೇಡ. ಉಸಿರಾಟ ಇಲ್ಲ ಅಂದ್ರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು 5 ಸಲ ಉಸಿರು ಊದಿ. ಮುಳುಗಿದವ್ರಿಗೆ ಮೊದ್ಲು ಬೇಕಾಗಿರೋದು ಗಾಳಿ. ಆಮೇಲೆ ಎದೆ ಮಧ್ಯ 30 ಸಲ ಜೋರಾಗಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ, 2 ಸಲ ಊದಿ, ಮತ್ತೆ 30. ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸ್ಬೇಡಿ.

ಮಕ್ಕಳ ವಿಷಯದಲ್ಲಿ ಬಾಂಗ್ಲಾದೇಶ ನೋಡಿ ಕಲೀಬೇಕು. ಅಲ್ಲಿ ಹಳ್ಳಿ ಕಡೆ ಮನೆಗಳ ಹತ್ರಾನೇ ಹೊಂಡ, ಅಮ್ಮ ಅಡುಗೆ ಕೆಲಸದಲ್ಲಿರೋ ಬೆಳಗಿನ ಹೊತ್ತಲ್ಲೇ ಪುಟ್ಟ ಮಕ್ಕಳು ಬೀಳೋದು ಜಾಸ್ತಿ, ಅದಕ್ಕೆ ‘ಆಂಚಲ್’ ಅಂತ ಊರಿನದೇ ಶಿಶುವಿಹಾರ ಮಾಡಿ ಬೆಳಗ್ಗೆ 9ರಿಂದ 1ರವರೆಗೆ ನೋಡ್ಕೊಂಡ್ರು, ಸಾವು ಭಾರೀ ಕಮ್ಮಿ ಆಯ್ತು. ನಮ್ಮಲ್ಲಿ ಅಂಗನವಾಡಿ ಇದೆ, ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ಪಂಚಾಯ್ತಿಯ ಕೂಸಿನ ಮನೆ ಇದೆ, ಪಂಚಾಯ್ತೀಲಿ ಕೂತು ಟೈಮಿಂಗ್ ಮಾತಾಡಿ. ಮನೆ ಸಂಪಿನ ಮುಚ್ಚಳಕ್ಕೆ ಇವತ್ತೇ ಬೀಗ ಹಾಕಿ. ಆರೇಳು ವರ್ಷ ಆದ್ಮೇಲೆ ಈಜು ಕಲಿಸಿ, ಬಾಂಗ್ಲಾದೇಶದವ್ರು ಕೆರೇಲೇ ಬಿದಿರಿನ ಅಟ್ಟಣಿಗೆ ಕಟ್ಟಿ ಕಲಿಸ್ತಾರೆ, 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ಅಷ್ಟು ಬಂದ್ರೆ ಪಾಸು. ನಮ್ಮ ತಾತಂದಿರು ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ಬಾವೀಲಿ ಕಲಿತಿದ್ದು ಹೆಚ್ಚುಕಮ್ಮಿ ಇದೇ, ಏನಂದ್ರೆ ಹೆಣ್ಮಕ್ಕಳನ್ನ ಹೊರಗಿಟ್ಟಿದ್ರು, ಅದನ್ನ ಮಾತ್ರ ರಿಪೀಟ್ ಮಾಡ್ಬೇಡಿ.

ಹಗ್ಗ ಕಟ್ಟಿದ ಮೇಲೆ ತಿಂಗಳಿಗೊಂದ್ಸಲ ಹೋಗಿ ನೋಡಿ. ನಮ್ಮ ಕೆರೆದು ಮೂರು ಸಲ ಕಳುವಾಗಿ ಯಾರ್ದೋ ಎಮ್ಮೆ ಕೊರಳಿಗೆ ಹೋಗಿತ್ತು. ನಾಲ್ಕನೇ ಸಲ ಅದೇ ಅಜ್ಜಿ ಕ್ಯಾನಿಗೆ ಅರಿಶಿನ ಕುಂಕುಮ ಇಟ್ಟುಬಿಟ್ಳು, ಅವತ್ತಿಂದ ಯಾರೂ ಮುಟ್ಟಿಲ್ಲ.